ಬೋರಣ್ಣನೂ ಎಂಟು ಕಾಲಿನ ಹಕ್ಕಿಯೂ

ನೀರ್ಗಾಡು ಎಂಬ ರಾಷ್ಟ್ರೀಯ ಉದ್ಯಾನದಲ್ಲಿ ಬೋರಣ್ಣ ದೋಣಿ ನಡೆಸುತ್ತಿದ್ದ. ಕಣ್ಣು ಹಾಯಿಸಿದಷ್ಟು ದೂರ ನೀರು, ಜೊಂಡು, ತಾವರೆ ಎಲೆ. ನಡುನಡುವೆ ಮಣ್ಣಿನ ದಿಬ್ಬಗಳು. ಅವುಗಳ ಮೇಲೆ ಬಿಸಿಲಿಗೆ ಮೈ ಕಾಯಿಸುತ್ತ ಮಲಗಿದ ಮೊಸಳೆಗಳು. ಇದನ್ನೆಲ್ಲ ನೋಡಲು ಬಂದವರನ್ನು ಸುತ್ತಾಡಿಸುವುದು ಅವನ ಕೆಲಸ.

ಯಾರು ಏನೇ ಕೇಳಲಿ, ಬೋರಣ್ಣನ ಬಾಯಲ್ಲಿ ಉತ್ತರ ಸಿದ್ಧ. ಗೊತ್ತಿದ್ದರೆ ಗೊತ್ತಿದ್ದದ್ದು, ಗೊತ್ತಿಲ್ಲದಿದ್ದರೆ ಆ ಗಳಿಗೆಗೆ ಹೊಳೆದದ್ದು. ನೀರುಕಾಗೆ ರೆಕ್ಕೆ ಹರಡಿಕೊಂಡು ಕೂತಿದ್ದರೆ, "ಸೂರ್ಯನಿಗೆ ನಮಸ್ಕಾರ ಹಾಕ್ತಾ ಇದೆ, ನೋಡಿ" ಎನ್ನುತ್ತಿದ್ದ. ಜನ ನಗುತ್ತಿದ್ದರು, ಮೆಚ್ಚುತ್ತಿದ್ದರು. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವನು ಅವನು. "ಗೊತ್ತಿಲ್ಲ" ಎಂದುಬಿಟ್ಟರೆ ತನ್ನನ್ನು ದಡ್ಡ ಅಂದುಕೊಳ್ಳುತ್ತಾರೆ ಎಂಬ ಅಳುಕು ಒಳಗೊಳಗೇ ಕೊರೆಯುತ್ತಿತ್ತು.

ಒಂದು ಭಾನುವಾರ ಮಳೆ ಬಿಡುವು ಕೊಟ್ಟಿತ್ತು. ಇಂಚರ ಎಂಬ ಎಂಟು ವರ್ಷದ ಹುಡುಗಿ ತಾಯಿ ಸುಕನ್ಯಾಳ ಜೊತೆ ದೋಣಿ ಹತ್ತಿದಳು. ತಾಯಿ ಹಿಂದೆ ಕೂತು ಫೋಟೋ ತೆಗೆಯತೊಡಗಿದಳು. ಮಗಳು ಮಾತ್ರ ಬೋರಣ್ಣನ ಪಕ್ಕದಲ್ಲೇ ಜಾಗ ಹಿಡಿದಳು. ಅವಳ ಪ್ರಶ್ನೆಗಳಿಗೆ ಕೊನೆಯೇ ಇರಲಿಲ್ಲ.

"ಅಂಕಲ್, ಆ ಮೊಸಳೆ ಯಾಕೆ ಬಾಯಿ ತೆರಕೊಂಡೇ ಮಲಗಿದೆ?"

ಬೋರಣ್ಣನಿಗೆ ತಿಳಿಯದು. ಆದರೂ ಹುಟ್ಟು ಹಾಕುತ್ತಲೇ ಹೇಳಿಬಿಟ್ಟ: "ಅದಾ? ಹೊಟ್ಟೆ ತುಂಬಿದ ಮೊಸಳೆ ಹಂಗೇ ಮಲಗೋದು, ಪುಟ್ಟಿ. ಆಗ ಅದು ಯಾರಿಗೂ ಏನೂ ಮಾಡಲ್ಲ."

ಹುಡುಗಿ ಆ ಮಾತನ್ನು ಜೋಪಾನವಾಗಿ ಮನಸ್ಸಿನಲ್ಲಿಟ್ಟುಕೊಂಡಳು.

ಸ್ವಲ್ಪ ಹೊತ್ತಿಗೆ ದೋಣಿ ವೀಕ್ಷಣಾ ಗೋಪುರದ ದಿಬ್ಬ ಮುಟ್ಟಿತು. ಬೋರಣ್ಣ ಹಗ್ಗ ಕಟ್ಟುತ್ತಿದ್ದ. ಸುಕನ್ಯಾ ಮೆಟ್ಟಿಲು ಹತ್ತುತ್ತಿದ್ದಳು. ಮಗಳು ಹಿಂದೆಯೇ ಇದ್ದಾಳೆ ಎಂದುಕೊಂಡಿದ್ದಳು. ಬೋರಣ್ಣ ತಲೆಯೆತ್ತಿ ನೋಡಿದ. ಇಂಚರ ದಡದ ಕೆಳಗಿಳಿದಿದ್ದಳು. ಅವಳಿಂದ ನಾಲ್ಕು ಮಾರು ದೂರದಲ್ಲಿ ಬಾಯಿ ತೆರೆದ ಮೊಸಳೆ. ಅವಳು ಹಲ್ಲು ನೋಡಲು ಬಗ್ಗಿಕೊಂಡು ಇನ್ನೂ ಮುಂದಕ್ಕೆ ಹೋಗುತ್ತಿದ್ದಳು!

ಬೋರಣ್ಣ ಹಗ್ಗ ಅಲ್ಲೇ ಬಿಟ್ಟ. ಕೆಸರಿನಲ್ಲಿ ಬಿದ್ದೆದ್ದು ಓಡಿದ. ಅವಳ ತೋಳು ಹಿಡಿದು ಹಿಂದಕ್ಕೆಳೆದದ್ದೇ ತಡ, ಮೊಸಳೆ ಬಾಯಿ ಫಟ್ಟೆಂದು ಮುಚ್ಚಿತು. ಬಾಲ ಬೀಸಿ ಕೆಸರು ಚಿಮ್ಮಿಸಿ ನೀರಿಗೆ ಜಾರಿತು.

ಸುಕನ್ಯಾ ಮೆಟ್ಟಿಲಿಳಿದು ಓಡಿಬಂದಳು. ಮಗಳನ್ನು ತಬ್ಬಿಕೊಂಡಳು. ಮರುಕ್ಷಣವೇ ಬೆನ್ನಿಗೊಂದು ಏಟು ಹಾಕಿದಳು. "ಬುದ್ಧಿ ಇದೆಯೇನೇ ನಿಂಗೆ?"

"ಅಮ್ಮಾ, ಬಾಯಿ ತೆರೆದಿದ್ರೆ ಏನೂ ಮಾಡಲ್ಲ ಅಂತ ಅಂಕಲ್ ಹೇಳಿದ್ರು..."

"ಸುಮ್ನಿರು! ನಿನ್ನ ಪ್ರಾಣ ಉಳಿಸಿದವರ ಮೇಲೇ ಸುಳ್ಳು ಹೇಳ್ತೀಯಾ? ಇಲ್ಲೇ ದೋಣಿ ನಡೆಸೋರು ಹಾಗೆಲ್ಲ ಹೇಳ್ತಾರಾ?"

ಇಂಚರ ಬೋರಣ್ಣನ ಮುಖ ನೋಡಿದಳು. ಕಣ್ಣ ತುಂಬ ನೀರು. ಬೋರಣ್ಣ ಬಾಯಿ ಬಿಡದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಮಗುವಿನ ಪ್ರಾಣ ಉಳಿಸಿದವನೆಂಬ ಹೆಸರೂ ಅವನಿಗೇ ಉಳಿಯುತ್ತಿತ್ತು. ಅವನು ಹೆಗಲ ಮೇಲಿನ ಟವೆಲ್ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಹೊಡೀಬೇಡಿ ಅಮ್ಮಾವ್ರೇ. ಮಗು ಸುಳ್ಳು ಹೇಳ್ತಿಲ್ಲ, ಸುಳ್ಳು ಹೇಳಿದ್ದು ನಾನು. ಮೊಸಳೆ ಯಾಕೆ ಬಾಯಿ ತೆರೆಯುತ್ತೆ ಅಂತ ನಂಗೆ ಗೊತ್ತಿಲ್ಲ. ಗೊತ್ತಿಲ್ಲ ಅನ್ನೋಕೆ ನಾಚಿಕೆ ಆಗಿ ಬಾಯಿಗೆ ಬಂದದ್ದು ಹೇಳಿಬಿಟ್ಟೆ."

ಸುಕನ್ಯಾ ಅವನನ್ನು ಬಯ್ದಳು, ಸರಿಯಾಗಿಯೇ ಬಯ್ದಳು. ಅವನು ತಲೆ ತಗ್ಗಿಸಿ ಕೇಳಿಸಿಕೊಂಡ. ಆಮೇಲೆ ಅವಳು ಮಗಳ ಬೆನ್ನು ನೇವರಿಸಿ, "ತಪ್ಪಾಯ್ತು ಕಂದಾ. ಆದ್ರೆ ನನ್ನ ಕೇಳದೆ ಎಲ್ಲೂ ಹೋಗಬಾರದು" ಎಂದಳು.

ವಾಪಸು ಬರುವಾಗ ಬೋರಣ್ಣ ಆದಷ್ಟು ಬೇಗ ದಡ ಸೇರಬೇಕೆಂದು ಹುಟ್ಟು ಹಾಕುತ್ತಿದ್ದ. ಅಷ್ಟರಲ್ಲಿ ಇಂಚರ ಪಿಸುಗುಟ್ಟಿದಳು: "ಅಂಕಲ್, ಆ ಹಕ್ಕಿಗೆ ಎಂಟು ಕಾಲು!"

ತಾವರೆ ಎಲೆಗಳ ಮೇಲೆ ದೇವನಕ್ಕಿ ಎಂಬ ನೀರುಹಕ್ಕಿಯೊಂದು ನಡೆಯುತ್ತಿತ್ತು. ಹೌದು, ಅದರ ರೆಕ್ಕೆಗಳ ಕೆಳಗೆ ಕಡ್ಡಿಯಂಥ ಕಾಲುಗಳು ಜೋತಾಡುತ್ತಿದ್ದವು. ಬೋರಣ್ಣನ ನಾಲಿಗೆಯ ತುದಿಗೆ ಉತ್ತರವೊಂದು ಬಂದೇ ಬಂತು. ಅದನ್ನು ನುಂಗಿಕೊಂಡ.

"ನಂಗೆ ಗೊತ್ತಿಲ್ಲ ಪುಟ್ಟಿ. ನೋಡೋಣ್ವಾ?"

ಹುಟ್ಟನ್ನು ಎತ್ತಿಟ್ಟ. ಮೂವರೂ ಉಸಿರು ಬಿಗಿಹಿಡಿದು ಕಾದರು. ಹಕ್ಕಿ ನಿಂತಿತು. ಅತ್ತಿತ್ತ ನೋಡಿ ರೆಕ್ಕೆ ಸಡಿಲಿಸಿತು. ಪುಟಪುಟನೆ ಮೂರು ಮರಿಗಳು ಎಲೆಯ ಮೇಲೆ ಉದುರಿ, ಉದ್ದುದ್ದ ಬೆರಳುಗಳನ್ನೂರಿ ಓಡತೊಡಗಿದವು!

ಇಂಚರ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಸಿಟ್ಟಾಗಿದ್ದ ಸುಕನ್ಯಾಳೂ ನಕ್ಕಳು. ಬೋರಣ್ಣ ಮಾತ್ರ ಕಣ್ಣು ಮಿಟುಕಿಸದೆ ನೋಡುತ್ತಲೇ ಇದ್ದ.

"ಇಪ್ಪತ್ತು ವರ್ಷದಿಂದ ಇದೇ ನೀರಲ್ಲಿದ್ದೀನಿ," ಎಂದ ಮೆಲ್ಲಗೆ. "ಇದನ್ನ ಇವತ್ತೇ ನೋಡಿದ್ದು."

ನೀತಿ: ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಒಪ್ಪಿಕೊಳ್ಳುವುದರಲ್ಲಿ ಅವಮಾನವಿಲ್ಲ. ಬಾಯಿಗೆ ಬಂದ ಉತ್ತರ ನಂಬಿದವರ ಪ್ರಾಣಕ್ಕೇ ಎರವಾಗಬಹುದು. "ಗೊತ್ತಿಲ್ಲ, ನೋಡೋಣ" ಎನ್ನುವವನಿಗೇ ನಿಜವಾದದ್ದು ಕಣ್ಣಿಗೆ ಬೀಳುತ್ತದೆ.