ಹರಿಗೋಲಿನಲ್ಲಿ ಕೂತ ಇಬ್ಬರು ಅರಸರು

ಶಿಷ್ಯ ಕೇಳಿದ: "ಗುರುಗಳೇ, ಅರಸರು ಒಬ್ಬರ ನಾಡಿಗೆ ಒಬ್ಬರು ಹೋಗುತ್ತಾರೆ. ಹಾರ ಹಾಕುತ್ತಾರೆ, ಅಪ್ಪಿಕೊಳ್ಳುತ್ತಾರೆ, ಉಂಡು ಬರುತ್ತಾರೆ. ಹೀಗೆ ಹೋಗಿ ಬಂದ ಮಾತ್ರಕ್ಕೆ ಎರಡು ನಾಡುಗಳು ಹತ್ತಿರವಾಗುತ್ತವೆಯೇ?"

ಗುರುಗಳು ಕತೆ ಹೇಳಿದರು.

ಒಂದು ಹೊಳೆ. ಅದರ ಈಚೆ ತೆಂಕಣ ನಾಡು, ಆಚೆ ಬಡಗಣ ನಾಡು. ಎರಡೂ ನಾಡುಗಳ ಅರಸರು ವರ್ಷಕ್ಕೊಮ್ಮೆ ಒಬ್ಬರನ್ನೊಬ್ಬರು ಕಾಣಲು ಹೋಗುತ್ತಿದ್ದರು. ಒಂದು ವರ್ಷ ಬಡಗಣ ಅರಸ ಬಂದಾಗ ಅವನಿಗೆ ಹಾಕಿದ ಪೀಠ ತೆಂಕಣ ಅರಸನ ಪೀಠಕ್ಕಿಂತ ನಾಲ್ಕು ಬೆರಳು ತಗ್ಗಾಗಿತ್ತು. ಅದು ಬಡಗಿಯ ಕೈತಪ್ಪು. ಬಂದವನು ಊಟದ ಎಲೆಯ ಮುಂದಿನಿಂದ ಎದ್ದು ಹೋದ. ಮರುದಿನವೇ ಹೊಳೆ ದಾಟುವುದು ನಿಂತಿತು. ಆಚೆಯಿಂದ ಯಾರೇ ಬಂದರೂ ಬಾಣ ಬಿಡಿ ಎಂದು ಎರಡೂ ದಡದ ಕಾವಲಿನವರಿಗೆ ಅಪ್ಪಣೆಯಾಯಿತು.

ತೆಂಕಣ ದಡದಲ್ಲಿ ಒಬ್ಬ ಸೂಲಗಿತ್ತಿ ಇದ್ದಳು. ಗಂಡ ತೀರಿಕೊಂಡ ಮೇಲೆ ಅವನ ಹರಿಗೋಲನ್ನೂ ಅವಳೇ ನಡೆಸುತ್ತಿದ್ದಳು. ಒಬ್ಬಳೇ ಮಗಳನ್ನು ಆಚೆ ದಡದ ಮೀನುಗಾರನಿಗೆ ಕೊಟ್ಟಿದ್ದಳು. ಮದುವೆಯಾದ ತಿಂಗಳಿಗೇ ಹೊಳೆ ಮುಚ್ಚಿತು. ಮೂರು ವರ್ಷ ತಾಯಿ ಈ ದಡದಲ್ಲಿ, ಮಗಳು ಆ ದಡದಲ್ಲಿ ನಿಂತು ಕೂಗಿ ಮಾತಾಡಿದರು. ತಾಯಿ ಉಪ್ಪಿನಕಾಯಿ ಹಾಕುವುದನ್ನೂ ಕೂಗಿಯೇ ಕಲಿಸಿದಳು. ಮಗಳಿಗಿಂತ ಮೊದಲು ಕಾವಲಿನವರು ಕಲಿತರು.

ಮಗಳು ಬಸುರಿಯಾದಳು. ಮೊದಲ ಹೆರಿಗೆ ತವರಿನಲ್ಲಾಗಬೇಕು. ಆದರೆ ಬರುವುದು ಹೇಗೆ? ಅತ್ತೆ ಎಂಬವಳು ಅವಳಿಗೆ ಇರಲಿಲ್ಲ. ಆ ಕೇರಿಯಲ್ಲಿ ಹೆರಿಗೆ ಮಾಡಿಸಬಲ್ಲವರೂ ಇರಲಿಲ್ಲ. ಊರಿನ ಮಕ್ಕಳನ್ನೆಲ್ಲ ಹುಟ್ಟುವಾಗ ಕೈಯಲ್ಲಿ ಹಿಡಿದ ಸೂಲಗಿತ್ತಿ ದಿನವೂ ದಡಕ್ಕೆ ಬಂದು, ಆಚೆ ನೋಡಿ, ಮನೆಗೆ ಹಿಂದಿರುಗುತ್ತಿದ್ದಳು.

ಆ ಹೊತ್ತಿಗೆ ಅರಸರನ್ನು ಮತ್ತೆ ಕೂಡಿಸಬೇಕೆಂದು ಮಂತ್ರಿಗಳಿಗೆ ತೋರಿತು. ಯಾರ ನಾಡಿಗೆ ಯಾರು ಮೊದಲು ಹೋಗಬೇಕೆಂದು ಆರು ತಿಂಗಳು ವಾದಿಸಿದರು. ಕೊನೆಗೆ ಹೊಳೆಯ ನಡುವೆ ಭೇಟಿ ಎಂದು ಒಪ್ಪಿದರು. ಎರಡು ದೋಣಿಗಳು ಒಂದೇ ಉದ್ದ ಇರಬೇಕು. ಕಹಳೆ ಒಂದೇ ಹೊತ್ತು ಊದಬೇಕು. ಹಾರಗಳ ಹೂವು ಕೂಡ ಯಾವುದೆಂದು ನಿಗದಿಯಾಯಿತು. ಯಾರು ಯಾರ ದೋಣಿಗೆ ಕಾಲಿಡಬೇಕು ಎಂಬುದನ್ನು ಮಾತ್ರ ಎಲ್ಲರೂ ಮರೆತರು.

ಭೇಟಿಯ ದಿನ ದೋಣಿಗಳು ಅಕ್ಕಪಕ್ಕ ನಿಂತವು. ದಾಟಿ ಬರಲೆಂದು ಈ ದೋಣಿಯವರು ಒಂದು ಹಲಗೆ ಚಾಚಿದರು, ಆ ದೋಣಿಯವರು ಒಂದು ಹಲಗೆ ಚಾಚಿದರು.

"ದಯಮಾಡಿಸಬೇಕು" ಎಂದ ತೆಂಕಣ ಅರಸ.

"ತಾವೇ ದಯಮಾಡಿಸಬೇಕು" ಎಂದ ಬಡಗಣ ಅರಸ.

ಹೋದವನು ಸಣ್ಣವನಾಗುತ್ತಾನೆ ಎಂದು ಎರಡೂ ಕಡೆಯ ಮಂತ್ರಿಗಳು ಅರಸರ ಕಿವಿಯಲ್ಲಿ ಹೇಳಿದರು. ಹೊತ್ತು ಏರಿತು. ಹಾರಗಳು ಬಾಡಿದವು. ಹಲಗೆಗಳ ಮೇಲೆ ಕಾಗೆ ಮಾತ್ರ ಆಚೀಚೆ ಓಡಾಡಿತು.

ಆಗ ಆಚೆ ದಡದಿಂದ ಅಳಿಯನ ಕೂಗು ಬಂತು: "ಅತ್ತೆ, ಬೆಳಗಿನಿಂದ ನೋವು ತಿನ್ನುತ್ತಿದ್ದಾಳೆ. ಮಗು ಬರುತ್ತಿಲ್ಲ."

ಕಾವಲಿನವರು ಏಳುವಷ್ಟರಲ್ಲಿ ಸೂಲಗಿತ್ತಿಯ ಹರಿಗೋಲು ನೀರಿನಲ್ಲಿತ್ತು. ಹೊಳೆಯ ನಡುವೆ ತೆಂಕಣ ಮಂತ್ರಿ ಅವಳನ್ನು ತಡೆದ. "ಯಾರಮ್ಮ ನೀನು? ಅರಸರ ಭೇಟಿ ಮುಗಿಯುವವರೆಗೆ ಹೊಳೆಯಲ್ಲಿ ಯಾರೂ ಸುಳಿಯುವಂತಿಲ್ಲ."

"ಭೇಟಿಯಾಗಲಿ ಸ್ವಾಮಿ, ನಾನು ಬೇಡ ಅಂದೆನೇ? ಮದುವೆ ಮನೆಯಲ್ಲಿ ಬೀಗರು ನೀವು ಮೊದಲು ಕೂರಿ, ನೀವು ಮೊದಲು ಕೂರಿ ಅಂತ ನಿಂತರೆ ಅನ್ನ ಆರಿಹೋಗುತ್ತದೆ, ಅಷ್ಟೇ. ನನ್ನ ಮಗಳ ಹೊಟ್ಟೆಯಲ್ಲಿರುವುದು ಅನ್ನವಲ್ಲ. ದಾರಿ ಬಿಡಿ."

ಬಡಗಣ ಅರಸ ಬಗ್ಗಿ ನೋಡಿದ. "ದಡ ಮುಟ್ಟುವ ಮೊದಲೇ ನನ್ನವರು ಬಾಣ ಬಿಡುತ್ತಾರೆ, ತಾಯಿ. ನನ್ನ ಮುಖ ಕಂಡರೆ ಮಾತ್ರ ಬಿಲ್ಲು ಇಳಿಸುತ್ತಾರೆ."

"ಹಾಗಾದರೆ ಹತ್ತಿ ಬುದ್ಧಿ. ಆದರೆ ನಿಮ್ಮದು ದೊಡ್ಡ ಮೈ. ನೀವೊಬ್ಬರೇ ಕೂತರೆ ಒಂದು ಕಡೆಗೆ ವಾಲುತ್ತದೆ. ಎದುರಿಗೆ ಅಷ್ಟೇ ಭಾರ ಬೇಕು." ಅವಳು ತನ್ನ ಅರಸನ ಕಡೆಗೆ ತಿರುಗಿದಳು. "ನಮ್ಮ ದೊರೆಗಳೂ ಚೆನ್ನಾಗಿ ಉಂಡವರೇ."

"ಮುಂದುಗಡೆ ಕೂರುವವರು ಯಾರು?" ಎಂದ ಬಡಗಣ ಮಂತ್ರಿ.

"ಹರಿಗೋಲು ದುಂಡಗಿದೆ ಸ್ವಾಮಿ. ಅದರ ಮುಂದುಗಡೆ ಯಾವುದೆಂದು ನಿಮಗೆ ಗೊತ್ತಾದರೆ ನನಗೂ ತಿಳಿಸಿ."

ಅಷ್ಟರಲ್ಲಿ ಆಚೆ ದಡದ ಗುಡಿಸಲಿನಿಂದ ಮಗಳು ಚೀರಿದ್ದು ನೀರಿನ ಮೇಲೆ ಕೇಳಿಬಂತು. ಇಬ್ಬರು ಅರಸರೂ ಹರಿಗೋಲಿಗೆ ಇಳಿದರು.

ಹರಿಗೋಲು ಸುತ್ತುತ್ತ ಹೋಯಿತು. ತಲೆ ತಿರುಗಿ ಒಬ್ಬ ಇನ್ನೊಬ್ಬನ ಮೊಣಕಾಲು ಹಿಡಿದುಕೊಂಡ. "ಅಲ್ಲಾಡಬೇಡಿ" ಎಂದಳು ಸೂಲಗಿತ್ತಿ. ಅರಸರು ಅಲ್ಲಾಡಲಿಲ್ಲ. ದಡದಲ್ಲಿ ಬಿಲ್ಲುಗಳು ಎದ್ದವು, ಅರಸನ ಮುಖ ಕಂಡು ಇಳಿದವು. ಅವಳು ಮೊಣಕಾಲುದ್ದ ನೀರಿಗೇ ಹಾರಿ, ಸೀರೆ ಎತ್ತಿಕಟ್ಟಿ ಗುಡಿಸಲಿಗೆ ಓಡಿದಳು.

ಅರಸರಿಗೆ ಎಲ್ಲಿ ನಿಲ್ಲಬೇಕೆಂದು ತಿಳಿಯಲಿಲ್ಲ. ಅಳಿಯನಿಗೆ ಅವರು ಯಾರೆಂದು ನೋಡುವಷ್ಟು ವ್ಯವಧಾನವಿರಲಿಲ್ಲ. ಇಬ್ಬರ ಕೈಗೂ ಸೌದೆ ಕೊಟ್ಟು, "ನೀರು ಕಾಯಬೇಕು, ಒಲೆ ಆರದ ಹಾಗೆ ನೋಡಿಕೊಳ್ಳಿ" ಎಂದು ಒಳಗೆ ಹೋದ. ಅರಸರು ಒಲೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತರು. ಊದಿದರು, ಕೆಮ್ಮಿದರು, ಕಣ್ಣೊರೆಸಿಕೊಂಡರು.

"ನನ್ನ ಮೊದಲ ಮಗು ಹುಟ್ಟಿದಾಗ ನಾನು ಬೇಟೆಗೆ ಹೋಗಿದ್ದೆ" ಎಂದ ಬಡಗಣ ಅರಸ.

"ನನಗೆ ಮೂವರು ಹುಟ್ಟಿದರು" ಎಂದ ತೆಂಕಣ ಅರಸ. "ಒಬ್ಬರೂ ಉಳಿಯಲಿಲ್ಲ."

ಬಡಗಣ ಅರಸ ಅವನ ಅರಮನೆಯಲ್ಲಿ ಎಂಟು ಸಲ ಉಂಡು ಬಂದಿದ್ದ. ಇದು ಅವನಿಗೆ ಗೊತ್ತಿರಲಿಲ್ಲ. ಅವನು ಸೌದೆಯನ್ನು ಒಲೆಯೊಳಕ್ಕೆ ತಳ್ಳಿದ.

ಹೊತ್ತು ಇಳಿಯುವಾಗ ಮಗು ಅತ್ತಿತು. ಇಬ್ಬರೂ ಒಟ್ಟಿಗೆ ಎದ್ದು ನಿಂತರು. ಸೂಲಗಿತ್ತಿ ಬಾಗಿಲಿಗೆ ಬಂದಳು. "ಹೆಣ್ಣು ಮಗು. ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ" ಎಂದು ಗೋಡೆಗೆ ಒರಗಿ ಕಾಲು ನೀಡಿ ಕೂತುಬಿಟ್ಟಳು. ಅಳಿಯ ನಗುತ್ತಲೂ ಅಳುತ್ತಲೂ ಹತ್ತಿರವಿದ್ದ ಅರಸನ ಹೆಗಲಿಗೆ ಹಣೆ ಇಟ್ಟ. ಅದು ತನ್ನ ಅರಸನೋ ಆಚೆಯ ಅರಸನೋ ಅವನು ನೋಡಲಿಲ್ಲ. ಕಾವಲಿನವರು ಬಿಲ್ಲಿನ ಹೆದೆ ಬಿಚ್ಚಿ ಬೆಲ್ಲ ಕೇಳಿದರು. ಹೊಳೆಯ ನಡುವೆ ಹಸಿವು ತಾಳಲಾರದ ಮಂತ್ರಿಗಳು ಎರಡು ದೋಣಿಗಳ ಅಡುಗೆಯನ್ನೂ ಒಟ್ಟಿಗೆ ಬಡಿಸಿಕೊಂಡಿದ್ದರು.

ಬಾಣದ ಅಪ್ಪಣೆ ಅಂದೇ ರದ್ದಾಯಿತು. ಹನ್ನೊಂದು ದಿನ ಕಳೆದ ಮೇಲೆ ಸೂಲಗಿತ್ತಿ ಮಗಳನ್ನೂ ಮಗುವನ್ನೂ ಬಾಣಂತನಕ್ಕೆ ತವರಿಗೆ ಕರೆತಂದಳು. ಯಾರೂ ತಡೆಯಲಿಲ್ಲ. ತಾಯಿ ಮಗಳು ಹೊಳೆ ದಾಟುವಷ್ಟು ಹೊತ್ತೂ ಮಗು ಏಳದ ಹಾಗೆ ಮೆಲ್ಲಗೆ ಮಾತಾಡಲು ನೋಡಿದರು. ಮೂರು ವರ್ಷ ಕೂಗಿ ಕೂಗಿ, ಮೆಲ್ಲಗೆ ಮಾತಾಡುವುದು ಮೊದಮೊದಲು ಅವರಿಗೆ ಬರಲೇ ಇಲ್ಲ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ನಿಟ್ಟುಸಿರು ಬಿಟ್ಟ. ಆಮೇಲೆ ಕೇಳಿದ: "ಗುರುಗಳೇ, ಹರಿಗೋಲಿಗೆ ಮೊದಲು ಕಾಲಿಟ್ಟವನು ಯಾವ ಅರಸ?"

ಗುರುಗಳು ಹೇಳಿದರು: "ನೋವು ತಿನ್ನುತ್ತಿದ್ದವಳು ಅದನ್ನು ಕೇಳಲಿಲ್ಲ."