ತರಗೆಲೆ ಇಳಿಸದ ಹೊರೆ

ಕಾಡಿನ ನೆಲದ ಮೇಲೆ ತೇಗದ ತರಗೆಲೆಯೊಂದು ಬಿದ್ದಿತ್ತು. ಅದರ ಅಡಿಯಲ್ಲಿ ಮತ್ತಿ ಮರದ ಮೊಳಕೆಯೊಂದು ಕಣ್ಣು ಬಿಡುತ್ತಿತ್ತು. ಮಾಗಿಯ ಚಳಿಯುದ್ದಕ್ಕೂ ಊರ ಕಡೆಯ ಗಾಳಿ ಬಂದು, ಸುಟ್ಟ ಟಯರಿನ ಹೊಗೆಯನ್ನೂ ಹೊಲಕ್ಕೆ ಹೊಡೆದ ಔಷಧಿಯ ವಿಷವನ್ನೂ ಎಲೆಯ ಬೆನ್ನಿಗೆ ಸವರಿ ಹೋಗುತ್ತಿತ್ತು. ಮೊಳಕೆಗೆ ತಾಗದಿರಲೆಂದು ಎಲೆ ಅದನ್ನೆಲ್ಲ ತನ್ನ ಮೈಯಲ್ಲೇ ಹಿಡಿದಿಟ್ಟುಕೊಂಡಿತ್ತು.

ಮಂಜು ಮುಸುಕಿದ ಒಂದು ಬೆಳಿಗ್ಗೆ ಗಾಳಿ ಹೇಳಿತು: "ಏ ಮುದುಕಿ, ಆ ವಿಷದ ಹೊರೆಯನ್ನು ಮಣ್ಣಿಗಿಳಿಸು. ನಾಳೆ ಇನ್ನೊಂದು ಹೊರೆ ತರಬೇಕು."

"ಮಣ್ಣಿನಲ್ಲಿ ಮಗು ಇದೆ, ಇಳಿಸುವುದಿಲ್ಲ. ತಂದವನು ನೀನು, ನೀನೇ ಹೊತ್ತುಕೊಂಡು ಹೋಗು."

ಗಾಳಿ ನಕ್ಕಿತು. "ಕೊಟ್ಟದ್ದನ್ನು ನಾನು ವಾಪಸು ತೆಗೆದುಕೊಂಡದ್ದುಂಟೇ? ಈ ಮಂಜನ್ನು ಸರಿಸಿ ನಿನ್ನ ಮೇಲೆ ಬಿಸಿಲು ಬೀಳಿಸುತ್ತೇನೆ. ಒಣಗಿ ಹಗುರಾದರೆ ನಿನ್ನನ್ನು ಹಾರಿಸಿ, ಹೊರೆಯನ್ನೆಲ್ಲ ಆ ಮಗುವಿನ ತಲೆಯ ಮೇಲೆಯೇ ಸುರಿಯುತ್ತೇನೆ."

"ಬೀಳಿಸಪ್ಪ, ನೋಡೋಣ," ಎಂದ ಎಲೆ, ತನ್ನನ್ನು ನೆಲಕ್ಕೆ ಹೊಲಿದಿದ್ದ ಅಣಬೆಯ ಬಿಳಿ ನೂಲನ್ನು ಬಿಗಿಯಾಗಿ ಹಿಡಿದುಕೊಂಡಿತು.

ಗಾಳಿ ಮಂಜನ್ನು ಅಟ್ಟಿತು. ಎಲೆ ಹೆಂಚಿನಂತೆ ಕಾಯಿತು, ಆದರೆ ನೆಲ ಬಿಡಲಿಲ್ಲ. ಚಳಿಯಲ್ಲಿ ಎಲೆ ಹಿಡಿದದ್ದನ್ನು ಬಿಸಿಲು ಬಿಡಿಸುತ್ತದೆಂದು ಗಾಳಿಗೆ ತಿಳಿದಿರಲಿಲ್ಲ. ಎಲೆ ಕಾದಂತೆಲ್ಲ ವಿಷ ಆವಿಯಾಗಿ ಮೇಲೆದ್ದು ಗಾಳಿಯ ಮೈಗೇ ಹತ್ತಿತು.

ಗಾಳಿ ಕೆಮ್ಮಿತು. "ಇದನ್ನು ಎಲ್ಲಿಗೆ ಒಯ್ಯಲಿ?"

"ಎಲ್ಲಿಂದ ತಂದೆಯೋ ಅಲ್ಲಿಗೇ ಒಯ್ಯು. ಕಾಡು ಇಸಕೊಳ್ಳಲಿಲ್ಲ ಎಂದು ಹೇಳು. ನಾಳೆ ತಂದರೆ ನಾಳೆಯೂ ಇದೇ ಉತ್ತರ."

ಗಾಳಿ ಭಾರವಾಗಿ ಊರಿನತ್ತ ತಿರುಗಿತು. ಆಗ ಎಲೆಯನ್ನು ನಡುವೆ ಸೀಳಿಕೊಂಡು ಮೊಳಕೆ ತಲೆ ಎತ್ತಿತು.

"ಅಜ್ಜಿ, ನೋವಾಯಿತೇ?"

"ನೀನು ನೆಟ್ಟಗೆ ನಿಲ್ಲು," ಎಂದಿತು ಎಲೆ.