ಮೈತುಂಬ ಗೆರೆಯ ಕುಡು ಮರಿ

ಒಂದಾನೊಂದು ಕಾಲದಲ್ಲಿ, ನಮ್ಮ ಸಿದ್ದಿ ಹಿರೀಕರು ಇನ್ನೂ ಹಡಗು ಹತ್ತದೆ ಸಮುದ್ರದಾಚೆ ಆಫ್ರಿಕಾದಲ್ಲೇ ಇದ್ದ ಕಾಲದಲ್ಲಿ, ಅಲ್ಲಿ ಕುಡು ಅಂತ ಒಂದು ಜಿಂಕೆ ಜಾತಿ ಇತ್ತಂತೆ. ಒದ್ದಾಡಬೇಡ ಫಿಲ್ಲು, ಕಂಬಳಿ ಹೊದ್ಕೋ, ಹೇಳ್ತೀನಿ. ಆ ಕುಡುಗಳ ಮೈಮೇಲೆ ಸುಣ್ಣದಲ್ಲಿ ಎಳೆದ ಹಾಗೆ ಬಿಳೀ ಗೆರೆ. ಬಡಗಣ ಗುಡ್ಡದೋರಿಗೆ ಐದಾರೇ ಗೆರೆ, ತೆಂಕಣ ಗುಡ್ಡದೋರಿಗೆ ಇನ್ನೊಂದಿಷ್ಟು ಜಾಸ್ತಿ, ಕೆಳಗೆ ಮುಳ್ಳುಪೊದೆಯಲ್ಲಿರೋ ಚಿಕ್ಕ ಕುಡುಗಳಿಗಂತೂ ಮೈತುಂಬ ಗೆರೆ. ಮೂರೂ ಕಡೆಯೋರು ಸೇರ್ತಿದ್ದದ್ದು ಗುಡ್ಡದ ಬುಡದ ಹೊಂಡದಲ್ಲಿ, ಒಟ್ಟಿಗೇ ನೀರು ಕುಡಿದು, ಮುಖ ತಿರುಗಿಸ್ಕೊಂಡು ಅವರವರ ದಾರಿ ಹಿಡೀತಿದ್ರಂತೆ.

ಒಂದಿನ ಪೊದೆಯ ಚಿಕ್ಕ ಕುಡು ತಾಯಿ ತನ್ನ ಮರೀನ ಹೊಂಡದ ಹತ್ರ ಹುಲ್ಲಲ್ಲಿ ಬಚ್ಚಿಟ್ಟು, ಮಗಾ, ಯಾರು ಕೂಗಿದ್ರೂ ಏಳಬೇಡ, ಕಿವಿ ನೆಕ್ಕಿದ್ರೆ ಮಾತ್ರ ಏಳು ಅಂತ ಹೇಳಿ ಮೇಯೋಕೆ ಹೋದ್ಲಂತೆ. ಹೋದೋಳು ಬರ್ಲೇ ಇಲ್ಲ. ಯಾಕೆ ಅಂತ ಕೇಳಬೇಡ.

ಮರಿಗೆ ಹಸಿವು, ಕತ್ತಲಾದ್ರೆ ಕತ್ತೆಕಿರುಬ ಬರುತ್ತೆ ಅನ್ನೋ ಭಯ. ಆಮೇಲೆ ಬಡಗಣ ಗುಡ್ಡದೋಳು ಬಂದು, ಬಗ್ಗಿ ನೋಡಿ, ಅಯ್ಯೋ ಇಷ್ಟೊಂದು ಗೆರೆ, ನಮ್ಮದಲ್ಲಮ್ಮ ಅಂತ ಹೋದ್ಲಂತೆ. ಆಮೇಲೆ ತೆಂಕಣ ಗುಡ್ಡದೋಳು ಬಂದು, ಪಾಪ, ಬಾ ಅಂತ ಕರ್ಕೊಂಡು ಹೋಗ್ಬೋದಿತ್ತು, ಆದ್ರೆ ನಮ್ಮೋರು ಗೆರೆ ಎಣಿಸಿದ್ರೆ ಏನು ಹೇಳ್ಲಿ ಅಂತ ಕಣ್ಣೊರೆಸ್ಕೊಂಡು ಹೋದ್ಲಂತೆ. ಕಣ್ಣೊರೆಸ್ಕೊಂಡ್ರೆ ಮರಿ ಹೊಟ್ಟೆ ತುಂಬುತ್ತಾ, ನೀನೇ ಹೇಳು! ಮರಿ ಮಾತ್ರ ಅವ್ವ ಹೇಳಿದ ಹಾಗೆ ಏಳ್ಲೇ ಇಲ್ಲ.

ಆಮೇಲೆ ಸಂಜೆಗತ್ತಲಲ್ಲಿ ಮೂರನೆಯೋಳು ಬಂದ್ಲಂತೆ. ಅವಳೂ ತೆಂಕಣ ಗುಡ್ಡದೋಳೇ, ಮೊನ್ನೆ ತಾನೇ ಮರಿ ಕಳ್ಕೊಂಡು, ಕೆಚ್ಚಲು ತುಂಬಿ ನೋಯ್ತಾ ಇದ್ದೋಳು. ಗೆರೆ ಗಿರೆ ಏನೂ ನೋಡ್ಲಿಲ್ಲ, ಹುಲ್ಲಲ್ಲಿ ಮೂತಿ ತೂರಿಸಿ ಮರಿ ಕಿವಿ ನೆಕ್ಕಿದ್ಲು ನೋಡು, ಮರಿ ಚಂಗನೆ ಎದ್ದು ಕೆಚ್ಚಲಿಗೆ ಬಾಯಿ ಹಾಕ್ತಂತೆ.

ಬೆಳಗಾದ್ಮೇಲೆ ಗುಡ್ಡದೋರೆಲ್ಲ ಸುತ್ತ ನಿಂತು, ಗೆರೆ ಎಣಿಸೇ, ಇದು ನಮ್ಮದಲ್ಲ ಅಂದ್ರಂತೆ. ಅದಕ್ಕೆ ಅವಳು, ರಾತ್ರಿಯೆಲ್ಲ ನೆಕ್ಕಿದೀನಿ ಕಣ್ರೇ, ನನ್ನ ನಾಲಿಗೆಗೆ ಒಂದು ಗೆರೆನೂ ಸಿಗ್ಲಿಲ್ಲ, ಮರಿ ಮಾತ್ರ ಸಿಕ್ತು ಅಂದ್ಲಂತೆ. ಆಮೇಲೆ ಆ ಕಣ್ಣೊರೆಸ್ಕೊಂಡು ಹೋಗಿದ್ಲಲ್ಲ, ತೆಂಕಣದೋಳು, ಅವಳು ಮೆಲ್ಲಗೆ ಮುಂದೆ ಬಂದು ಮರಿಯ ಇನ್ನೊಂದು ಕಿವಿ ನೆಕ್ಕಿದ್ಲಂತೆ.

ಮರಿ ಗುಡ್ಡದಲ್ಲೇ ಬೆಳೀತಂತೆ. ಎಷ್ಟು ಬೆಳೆದ್ರೂ ಅವ್ವನ ಭುಜದ ಮಟ್ಟಕ್ಕೂ ಬರ್ಲಿಲ್ಲ, ಅವ್ವಂಗೆ ಅದೇ ಚೆಂದ. ಅಲ್ಲಿಗೆ ಅವರ ಕತೆ ಮುಗೀತು. ಎಲ್ಲಿ, ನಿನ್ನ ಕಿವಿ ಇತ್ತ ತಾ, ಒಂದು ಮುತ್ತು ಕೊಟ್ಟು ದೀಪ ಆರಿಸ್ತೀನಿ.